ಅಜ್ಜಿಯ ಹೊಲಿಗೆ ಮಿಶಿನ್‌ ಭಂಗಾರಕ್ಕೆ ಹಾಕುವ ಮುನ್ನ

ಸೊಲ್ಲಾಪುರ: ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಮೊದಲು ಅಂಗಳಕ್ಕೆ ಬೀಳೋದು ಅಟ್ಟದ ಸಾಮಾನು. ಅಜ್ಜಿಯ ಕರೇ ಹೊಲಿಗೆ ಮಿಶಿನ್‌, ಅಜ್ಜನ ವಾಲ್ವ್‌ ರೇಡಿಯೊ. ಭಂಗಾರದವರು ಬಂದು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ. ಅದೇ ಮಿಶಿನ್‌ ಉಜ್ಜಿ, ಎಣ್ಣೆ ಬಿಟ್ಟು ಪುಣೆಯ ಜುನಾ ಬಜಾರ್‌ಗೋ ಮುಂಬೈಯ ಚೋರ್‌ ಬಜಾರ್‌ಗೋ ಹೋದರೆ ಅದರ ಮರ್ಯಾದೆಯೇ ಬೇರೆ!

ಶಾಲಾ ಸಮವಸ್ತ್ರದ ಹೊಲಿಗೆಗೆ ಹೆಸರಾದ ಈ ಊರಲ್ಲಿ ಮನೆಯಲ್ಲೇ ಕೂತು ನಾಲ್ಕು ಕಾಸು ದುಡಿಯುವ ಹೆಣ್ಣುಮಕ್ಕಳು ಬಹಳ. ಬ್ಲೌಸು, ಸೀರೆ ಫಾಲ್‌, ಮಕ್ಕಳ ಅಂಗಿಗೆ ಹಳೇ ಮಿಶಿನ್‌ ಸಾಕು. ಆದರೆ ನೋಡಿ ತಗೋಬೇಕು.

ಮೊದಲು ಗಾಲಿಯನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಹೆದರಬೇಕಿಲ್ಲ, ಬಹುತೇಕ ಹಳೇ ಎಣ್ಣೆ ಅಂಟಾಗಿರುತ್ತದೆ. ಸೀಮೆಎಣ್ಣೆ ಹಾಕಿ ತೊಳೆದು ಮಿಶಿನ್‌ ಎಣ್ಣೆ ಬಿಟ್ಟರೆ ಸಡಿಲಾಗುತ್ತದೆ. ಎರಕದ ಮೈ ಸೀಳಿದ್ದರೆ ಮಾತ್ರ ಬಿಟ್ಟುಬಿಡಿ. ಆಮೇಲೆ ಕೆಳಗಿನ ಬಾಬಿನ್‌ ನೋಡಿ. ದುಂಡಗಿನ ಸಾದಾ ಬಾಬಿನ್ನಿನ ಮಿಶಿನ್‌ಗೆ ಬಿಡಿ ಭಾಗ ಇಂದಿಗೂ ಸುಲಭವಾಗಿ ಸಿಗುತ್ತವೆ, ಲುಧಿಯಾನಾದಲ್ಲಿ ಅಂಥವು ತಯಾರಾಗುತ್ತವೆ. ದೋಣಿಯಂಥ ಶಟಲ್ಲಿನ ಉದ್ದ ಬಾಬಿನ್‌ ಇದ್ದರೆ ಅದು ಇನ್ನೂ ಹಳೇದು, ನೋಡಲು ಚೆಂದ, ಸಾಮಾನು ಹುಡುಕೋದು ಕಷ್ಟ. ದುಡಿಮೆಗೆ ಬೇಕಾದವರು ಅದರ ಗೋಜಿಗೆ ಹೋಗದಿರುವುದೇ ವಾಸಿ. ಮನೆಯಿಂದ ಒಂದು ತುಂಡು ಬಟ್ಟೆ, ದಾರ ಒಯ್ದು ಅಂಗಡಿಯಲ್ಲೇ ಹೊಲಿದು ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಬಂಗಾರ ಬಣ್ಣದ ‘ಸಿಂಗರ್‌’ ಅಕ್ಷರಕ್ಕೆ ಮರುಳಾಗಬೇಡಿ. ಚೀಟಿ ಯಾರು ಬೇಕಾದರೂ ಅಂಟಿಸಬಹುದು. ಮೈಮೇಲೆ ಒತ್ತಿದ ನಂಬರ್‌ ನೋಡಬೇಕು. 1900ರಿಂದೀಚೆಗೆ ಸಿಂಗರ್‌ ನಂಬರಿಗೆ ಮುಂದೆ ಇಂಗ್ಲಿಷ್‌ ಅಕ್ಷರ ಇರುತ್ತದೆ, ಅದರಿಂದ ವರ್ಷ ಗೊತ್ತಾಗುತ್ತದೆ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಅದರ ದೊಡ್ಡ ಕಾರ್ಖಾನೆ 1980ರಲ್ಲೇ ಮುಚ್ಚಿತು.

ಇನ್ನೊಂದು ಹುಚ್ಚು ‘ಕೆಂಪು ಪಾದರಸ’ದ್ದು. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೇ ಸಿಂಗರ್‌ ಮಿಶಿನ್‌ನೊಳಗೆ ಅದು ಇದೆಯೆಂಬ ಗಾಳಿಮಾತಿಗೆ ಜನ ಮುಗಿಬಿದ್ದು ಬೆಲೆ ಆಕಾಶಕ್ಕೇರಿತ್ತು. ಮಿಶಿನ್‌ನಲ್ಲಿ ಇರೋದು ಕಬ್ಬಿಣ, ಉಕ್ಕು. ಲಕ್ಷಗಟ್ಟಲೆ ಕೊಡ್ತೀನಿ, ಮೊದಲು ಅಡ್ವಾನ್ಸ್‌ ಹಾಕ್ರಿ ಅಂತ ಯಾರಾದರೂ ಫೋನ್‌ ಮಾಡಿದರೆ ಇಟ್ಟುಬಿಡಿ.

ರೇಡಿಯೊ ಮಾತು ಬೇರೆ. ಮರ್ಫಿ, ಬುಶ್‌, ಫಿಲಿಪ್ಸ್‌ ಸೆಟ್ಟುಗಳಲ್ಲಿ ಹೆಚ್ಚಿನವು ಮೀಡಿಯಂ ವೇವ್‌, ಶಾರ್ಟ್‌ ವೇವ್‌ನವು, ಎಫ್‌ಎಂ ಬರೋದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದದ್ದನ್ನು ನೇರ ಪ್ಲಗ್‌ಗೆ ಹಾಕಬಾರದು. ಬಟ್ಟೆ ಸುತ್ತಿದ ವೈರ್‌ ಪುಡಿಯಾಗಿರುತ್ತದೆ, ಕೆಲವು ಸೆಟ್ಟಿನ ಒಳ ತಗಡಿಗೇ ಕರೆಂಟ್‌ ಇರುತ್ತದೆ. ಬಲ್ಲ ಮೆಕ್ಯಾನಿಕ್‌ ಕೈಗೇ ಕೊಡಿ. ಹಳೇ ಫ್ರಿಜ್‌ ಅಂತೂ ಬೇಡವೇ ಬೇಡ: ಅದರಲ್ಲಿದ್ದ ಸಿಎಫ್‌ಸಿ ಗ್ಯಾಸ್‌ ತಯಾರಿಕೆ ದೇಶದಲ್ಲಿ 2008ರಲ್ಲೇ ನಿಂತಿದೆ, ಕರೆಂಟ್‌ ಬಿಲ್ಲೂ ಜಾಸ್ತಿ.

ಮಾರುವವರು ಭಂಗಾರದ ಗಾಡಿ ಕರೆಯುವ ಮೊದಲು ಓಣಿಯ ಸಿಂಪಿಗರಿಗೆ ಒಮ್ಮೆ ಮಿಶಿನ್‌ ತೋರಿಸಿ. ಗಾಲಿ ತಿರುಗಿಸಿ ನೋಡಿಯೇ ಅವರು ಎಷ್ಟು ಬಾಳುತ್ತದೆ ಅಂತ ಹೇಳುತ್ತಾರೆ.