ಮಾಂಸ ಎಲ್ಲಿಗೆ ಹೋಯ್ತು?

ಜಿಮ್ ಕನ್ನಡಿಯ ಮುಂದೆ ತೋಳು ಮಡಚಿ ಸೆಲ್ಫಿ ತೆಗೆದುಕೊಳ್ಳುವ ಗೆಳೆಯರಿಗೆ ನಾನೊಂದು ಪ್ರಶ್ನೆ ಕೇಳುತ್ತಿರುತ್ತೇನೆ: ‘ಆ ಉಬ್ಬಿನೊಳಗೆ ಗಿಡ್ಡವಾಗಿದ್ದು ಏನು?’ ಬೈಸೆಪ್ಸ್ ತೋರಿಸಲು ಇರುವ ಉತ್ಸಾಹ ಉತ್ತರ ಹೇಳುವಾಗ ಇರುವುದಿಲ್ಲ!

ಸ್ನಾಯುವನ್ನು ಬಿಡಿಸುತ್ತಾ ಹೋದರೆ ಕೂದಲೆಳೆಯಂಥ ನಾರುಗಳು ಸಿಗುತ್ತವೆ. ಒಂದೊಂದು ನಾರೂ ಒಂದೊಂದು ಜೀವಕೋಶ. ಅದರೊಳಗಿನ ಇನ್ನೂ ತೆಳುವಾದ ಎಳೆಗಳುದ್ದಕ್ಕೂ ರೈಲು ಬೋಗಿಗಳಂತೆ ಸಾಲಾಗಿರುವ ಘಟಕಗಳೇ ಸಾರ್ಕೊಮಿಯರ್. ಒಂದು ಸೆಂಟಿಮೀಟರ್ ಉದ್ದದಲ್ಲಿ ಸುಮಾರು 4,000 ಹಿಡಿಸುತ್ತವೆ. ಪ್ರತಿಯೊಂದರಲ್ಲೂ ಮಯೋಸಿನ್ ಎಂಬ ದಪ್ಪ ತಂತು, ಆ್ಯಕ್ಟಿನ್ ಎಂಬ ತೆಳು ತಂತು ಇರುತ್ತವೆ.

ಬಾವಿಯಿಂದ ನೀರು ಸೇದಿದವರಿಗೆ ಮುಂದಿನದು ಸುಲಭ. ಕೈ ಬದಲಿಸುತ್ತಾ ಎಳೆದರೆ ಕೊಡ ಮೇಲೆ ಬರುತ್ತದೆ, ಹಗ್ಗವೇನೂ ಗಿಡ್ಡವಾಗುವುದಿಲ್ಲ. ಮಯೋಸಿನ್‌ಗೂ ಅಂಥ ಪುಟ್ಟ ಕೈಗಳಿವೆ. ನರದಿಂದ ಸಂದೇಶ ಬಂದೊಡನೆ ನಾರಿನೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬಂದು, ಆ್ಯಕ್ಟಿನ್ ಮೇಲೆ ಹಿಡಿಯುವ ಜಾಗ ತೆರೆದುಕೊಳ್ಳುತ್ತದೆ. ಕೈಗಳು ಹಿಡಿಯುತ್ತವೆ, ಎಳೆಯುತ್ತವೆ, ಬಿಟ್ಟು ಮತ್ತೆ ಹಿಡಿಯುತ್ತವೆ. ಒಂದೆಳೆತಕ್ಕೆ ಸರಿಯುವುದು ಮಿಲಿಮೀಟರ್‌ನ ಲಕ್ಷದ ಒಂದು ಭಾಗದಷ್ಟು ಮಾತ್ರ. ತಂತುಗಳ ಉದ್ದ ಇದ್ದಷ್ಟೇ ಇರುತ್ತದೆ, ಒಂದರ ಪಕ್ಕ ಒಂದು ಸರಿಯುವುದರಿಂದ ಸ್ನಾಯು ಗಿಡ್ಡವಾಗುತ್ತದೆ. 1954ರಲ್ಲಿ ಎರಡು ತಂಡಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ಪ್ರಕಟಿಸಿದವು. ಒಂದರಲ್ಲಿ ಆ್ಯಂಡ್ರ್ಯೂ ಹಕ್ಸ್‌ಲಿ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ. ಹೆಸರು ಒಂದೇ, ನೆಂಟರಲ್ಲ!

ಸೋಜಿಗವೆಂದರೆ, ಹಿಡಿದದ್ದನ್ನು ಬಿಡುವುದಕ್ಕೂ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ಅದು ಮುಗಿದು ಕೈಗಳು ಹಿಡಿದಲ್ಲೇ ಉಳಿಯುತ್ತವೆ. ಹೆಣ ಸೆಟೆದುಕೊಳ್ಳುವುದು ಅದಕ್ಕೇ.

ಫಿಸಿಯೊಥೆರಪಿ ಓದುವ ನನಗೆ ಇದು ಬರೀ ಪರೀಕ್ಷೆಯ ಪಾಠವಾಗಿ ಉಳಿಯಲಿಲ್ಲ. ನನ್ನಪ್ಪ ಕೊನೆಗೌಡ. ಅಪ್ಪ ಅಡಿಕೆ ಮರ ಹತ್ತಿದರೆ ನಮ್ಮ ಮನೆ ನಡೆಯುತ್ತದೆ. ಕಳೆದ ವರ್ಷ ಕಾಲು ಮುರಿದು ಆರು ವಾರ ಪ್ಲಾಸ್ಟರ್‌ನಲ್ಲಿದ್ದರು. ಬಿಚ್ಚಿದಾಗ ತೊಡೆ ಬಡಕಲಾಗಿತ್ತು. ‘ಮಗಾ, ಇಲ್ಲಿದ್ದ ಮಾಂಸ ಎಲ್ಲಿಗೆ ಹೋಯ್ತು?’ ಎಂದು ಕೇಳಿದರು. ‘ನಾರುಗಳು ಅಲ್ಲೇ ಇವೆ ಅಪ್ಪ, ಸಣ್ಣಗಾಗಿವೆ ಅಷ್ಟೆ. ಕೆಲಸವಿಲ್ಲ ಅಂತ ದೇಹ ಒಳಗಿನ ತಂತುಗಳನ್ನು ಕಳಚಿದೆ. ಕೆಲಸ ಕೊಟ್ಟರೆ ಮತ್ತೆ ಕಟ್ಟುತ್ತೆ’ ಅಂದೆ.

ಮಂಡಿಯ ಕೆಳಗೆ ಮಡಚಿದ ಟವೆಲ್ ಇಟ್ಟು ತೊಡೆ ಬಿಗಿಮಾಡುವುದು, ಐದು ಎಣಿಸಿ ಬಿಡುವುದು. ಮೂರು ವಾರ ಕಳೆದರೂ ಟೇಪಿನ ಅಳತೆ ಬದಲಾಗಲಿಲ್ಲ. ಆದರೆ ಕಾಲು ನೇರವಾಗಿ ಮೇಲೇಳುತ್ತಿತ್ತು. ಮೊದಲು ಚುರುಕಾಗುವುದು ನರಗಳು, ಗಾತ್ರ ಬರುವುದು ಆಮೇಲೆ. ಈ ಸಲದ ಕೊಯ್ಲಿನಲ್ಲಿ ಅಪ್ಪ ನೆಲದಲ್ಲಿ ನಿಂತು ಹಗ್ಗ ಹಿಡಿದರು. ಮರ ಹತ್ತುವುದು ಮುಂದಿನ ವರ್ಷಕ್ಕೆ.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದವರು ನಿಮ್ಮ ಮನೆಯಲ್ಲೂ ಇರಬಹುದು. ಹೇಳಿಕೊಟ್ಟ ವ್ಯಾಯಾಮವನ್ನು ‘ಏನೂ ಆಗ್ತಿಲ್ಲ’ ಎಂದು ಅವರು ಬಿಟ್ಟುಬಿಡುವುದು ಹೆಚ್ಚಾಗಿ ಈ ಮೊದಲ ವಾರಗಳಲ್ಲೇ. ಆಗ ಪಕ್ಕದಲ್ಲಿ ಕೂತು ಒಂದರಿಂದ ಐದರವರೆಗೆ ಎಣಿಸಿ. ಕಣ್ಣಿಗೆ ಕಾಣದಿದ್ದರೂ ಒಳಗೆ ಕೆಲಸ ಶುರುವಾಗಿರುತ್ತದೆ.