ಪರದೇಶಕ್ಕೆ ಹೊರಟಾಗ ಉಡುಗೊರೆಯ ಚಿಂತೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ಬಾಣಂತನಕ್ಕೆಂದು ವಿಮಾನ ಹತ್ತುವ ಹೆಂಗಸರು ಈಗ ಬಹಳ. ಪೆಟ್ಟಿಗೆ ಕಟ್ಟುವಾಗ ಹಪ್ಪಳ, ಮಿಡಿ ಉಪ್ಪಿನಕಾಯಿ ಮರೆಯುವುದಿಲ್ಲ. ಅಲ್ಲಿನ ನೆರೆಮನೆಯವರಿಗೆ ಏನು ಕೊಡಬೇಕು, ಹೇಗೆ ಕೊಡಬೇಕು ಎಂಬ ಯೋಚನೆ ಮಾತ್ರ ಬರುವುದಿಲ್ಲ. ನನಗೂ ಬಂದಿರಲಿಲ್ಲ.

ಜಪಾನಿನಲ್ಲಿರುವ ತಂಗಿಯ ಬಾಣಂತನಕ್ಕೆ ಹೋದಾಗ, ಬಸುರಿಯಲ್ಲಿ ಅವಳನ್ನು ಅಕ್ಕರೆಯಿಂದ ನೋಡಿಕೊಂಡ ಪಕ್ಕದ ಮನೆಯಾಕೆಗೆ ನಾಲ್ಕು ಹಿತ್ತಾಳೆಯ ಪುಟ್ಟ ಬಟ್ಟಲು ಕೊಟ್ಟೆ. ಆಕೆ ಎರಡೂ ಕೈಯಿಂದ ತೆಗೆದುಕೊಂಡು, ಬಗ್ಗಿ ನಮಸ್ಕರಿಸಿ, ಬಿಚ್ಚಿಯೂ ನೋಡದೆ ಬದಿಗಿಟ್ಟಳು. ನನಗೆ ಮುಖ ಸಣ್ಣಗಾಯಿತು.

“ಅಕ್ಕ, ಬೇಜಾರ್ ಮಾಡ್ಬೇಡ. ಕೊಟ್ಟವರ ಎದುರಿಗೇ ಬಿಚ್ಚುದು ಇಲ್ಲಿ ಮರ್ಯಾದೆ ಅಲ್ಲ. ಆದ್ರೆ ನಾಲ್ಕು ಎಂತಕ್ಕೆ ಕೊಟ್ಟೆ?” ಎಂದಳು ತಂಗಿ. ಅವರ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ‘ಶಿ’ ಎಂಬ ಒಂದೇ ಉಚ್ಚಾರವಂತೆ. ಕೂಸು ಹುಟ್ಟಿದ ಮನೆಯಿಂದ ಅಂಥ ಲೆಕ್ಕ! ನೂರರ ಮೇಲೆ ಒಂದು ರೂಪಾಯಿ ಇಟ್ಟೇ ಮುಯ್ಯಿ ಮಾಡುವ ನಮಗೆ ಇದು ಅರ್ಥವಾಗದ್ದೇನಲ್ಲ. ಮರುದಿನವೇ ಇನ್ನೊಂದು ಬಟ್ಟಲು ಕೊಟ್ಟು ಐದು ಮಾಡಿದೆ. ವಾರದೊಳಗೆ ಆಕೆ ಸಿಹಿಯ ಡಬ್ಬಿ ತಂದಳು. ಉಡುಗೊರೆಗೆ ಮರು ಉಡುಗೊರೆ ಅವರ ಪದ್ಧತಿ. ನೆರೆಮನೆಯ ಪಾತ್ರೆಯನ್ನು ನಾವು ಬರಿದಾಗಿ ಹಿಂದೆ ಕೊಡುವುದಿಲ್ಲವಲ್ಲ, ಹಾಗೆಯೇ.

ಹೊರಡುವ ಮುನ್ನ ಇವಿಷ್ಟು ನೆನಪಿರಲಿ:

ಚೀನಾದವರಿಗೆ ಗಡಿಯಾರ ಕೊಡಬಾರದು. ಆ ಮಾತಿನ ಉಚ್ಚಾರ ಅಂತ್ಯಕಾಲವನ್ನು ನೆನಪಿಸುತ್ತದೆ.

ನಮ್ಮಲ್ಲಿ ದೇವರಿಗೇರುವ ಸೇವಂತಿಗೆ ಫ್ರಾನ್ಸಿನಲ್ಲಿ ಸಮಾಧಿಯ ಹೂವು. ನವೆಂಬರ್ 1ರ ಹಬ್ಬಕ್ಕೆ ಗೋರಿಗಳ ಮೇಲಿಡುತ್ತಾರೆ.

ಅರಬರ ಮನೆಗೆ ಹೋದರೆ ಬಲಗೈಯಿಂದ ಕೊಡಿ. ಮದ್ಯ ಸೇರಿದ ಮಿಠಾಯಿ ಬೇಡ.

ಆಸ್ಟ್ರೇಲಿಯಾಕ್ಕೆ ಒಯ್ಯುವ ತಿಂಡಿ, ಮಸಾಲೆ ಎಲ್ಲವನ್ನೂ ಇಳಿದಾಗ ಕೊಡುವ ಚೀಟಿಯಲ್ಲಿ ಬರೆಯಬೇಕು. ಮುಚ್ಚಿಟ್ಟರೆ ದಂಡ.

ಎಲ್ಲಕ್ಕಿಂತ ಮುಖ್ಯ, ಗಸಗಸೆ. ಪಾಯಸಕ್ಕಿರಲಿ ಎಂದು ಒಂದು ಹಿಡಿಯನ್ನೂ ಕಟ್ಟಬೇಡಿ. ದುಬೈ, ಅಬುಧಾಬಿ ಇರುವ ಯುಎಇಯಲ್ಲೂ ಸೌದಿ ಅರೇಬಿಯಾದಲ್ಲೂ ಅದು ನಿಷಿದ್ಧ, ಜೈಲಿಗೂ ದಾರಿಯಾದೀತು. ಅಫೀಮಿನ ಗಿಡದ ಬೀಜವೆಂಬುದೇ ಕಾರಣ. ಗಸಗಸೆ ಬೆರೆಸಿದ ಮಸಾಲೆ ಪುಡಿಯೂ ಬೇಡ. ದುಬೈಯಲ್ಲಿ ವಿಮಾನ ಬದಲಿಸುವವರಿಗೂ ಇದೇ ಮಾತು. ಊರಿನವರು “ನಮ್ಮ ಹುಡುಗನಿಗೆ ಕೊಡಿ” ಎಂದು ತಂದ ಪೊಟ್ಟಣವನ್ನು ದಾಕ್ಷಿಣ್ಯ ಬಿಟ್ಟು ಬಿಚ್ಚಿ ನೋಡಿಯೇ ಇಟ್ಟುಕೊಳ್ಳಿ.

ಹಾಗಾದರೆ ಏನು ಒಯ್ಯುವುದು? ಕೈಮಗ್ಗದ ಟವೆಲು, ಕೈಯಲ್ಲಿ ಹಾಕಿದ ಕಸೂತಿಯ ಮೇಜುಬಟ್ಟೆ. ಭಾರವಿಲ್ಲ, ಕೆಡುವುದಿಲ್ಲ. ಸಂಖ್ಯೆಯನ್ನು ಮಾತ್ರ ಅಲ್ಲಿದ್ದವರಲ್ಲಿ ಒಮ್ಮೆ ಕೇಳಿಕೊಳ್ಳಿ. ನಾನು ಕೇಳದೆ ಕೊಟ್ಟು ಕಲಿತೆ, ನೀವು ಕೇಳಿ ಕೊಡಿ.