ಓದುವ ಕೂಸಿಗೆ ಯಾವ ಪುಸ್ತಕ?

ಐದು ವರುಷ ತುಂಬದ ಕೂಸೊಂದು ದಿನಪತ್ರಿಕೆಯನ್ನೆತ್ತಿಕೊಂಡು ತಲೆಬರಹವನ್ನು ಗಟ್ಟಿಯಾಗಿ ಓದಿತೆಂದರೆ ಆ ಮನೆಯಲ್ಲಿ ಹಬ್ಬ. ಅಜ್ಜಿ ದೃಷ್ಟಿ ನಿವಾಳಿಸುತ್ತಾರೆ. ಬಂದ ನೆಂಟರಿಷ್ಟರ ಮುಂದೆಲ್ಲ ಮಗುವಿನ ಕೈಗೆ ಪತ್ರಿಕೆ ಕೊಟ್ಟು ಓದಿಸುವುದು ನಿತ್ಯದ ಕಾರ್ಯಕ್ರಮವಾಗುತ್ತದೆ. ಸಂತೋಷಪಡಬೇಕಾದ ವಿಷಯವೇ ಸರಿ. ಆದರೆ ಸಂಭ್ರಮ ಇಳಿದ ಮೇಲೆ ತಾಯಿತಂದೆಗಳಿಗೆ ಚಿಂತೆಯೊಂದು ಹತ್ತುತ್ತದೆ. ಈ ಮಗುವಿಗೆ ಈಗ ಯಾವ ಪುಸ್ತಕ ಕೊಡಬೇಕು? ಅ ಆ ತಿದ್ದುವವರ ನಡುವೆ ಕುಳಿತು ಅದು ಬೇಸತ್ತೀತೆ? ಒಂದು ತರಗತಿ ಮೇಲಕ್ಕೇರಿಸಿದರೆ ಮುಗ್ಗರಿಸೀತೆ?

ಇವುಗಳಿಗೆ ಉತ್ತರ ದೊರೆಯಬೇಕಾದರೆ ಮಗುವಿನ ಓದು ಯಾವ ಮಟ್ಟದ್ದೆಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಐದಾರು ಪುಸ್ತಕ, ಹದಿನೈದು ನಿಮಿಷ, ಸಾಕಷ್ಟು ತಾಳ್ಮೆ ಇದ್ದರೆ ಮನೆಯಲ್ಲಿಯೇ ಆಗುವ ಕೆಲಸ.

ಉಚ್ಚಾರ ಬೇರೆ, ಓದು ಬೇರೆ

ಕನ್ನಡ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ವರ್ಣಮಾಲೆಯ 49 ಅಕ್ಷರಗಳು, 34 ವ್ಯಂಜನಗಳಿಗೆ ಹದಿನೈದರಂತೆ 510 ಗುಣಿತಾಕ್ಷರಗಳು, ಅವುಗಳ ಜೊತೆಗೆ ಒತ್ತಕ್ಷರಗಳು, ಇವಿಷ್ಟು ಕೈವಶವಾದರೆ ಅರ್ಥ ತಿಳಿಯದ ಪದವನ್ನೂ ತಪ್ಪಿಲ್ಲದೆ ಉಚ್ಚರಿಸಬಹುದು. ಇದೇನೂ ಸಣ್ಣ ಸಾಧನೆಯಲ್ಲ. ಈ ಅಕ್ಷರಸಮೂಹ ಪೂರ್ತಿಯಾಗಿ ಹಿಡಿತಕ್ಕೆ ಬರಲು ಸಾಮಾನ್ಯವಾಗಿ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆಂಬುದನ್ನು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಎಳೆಯ ಮಗು ಅದನ್ನು ಬೇಗ ಸಾಧಿಸಿದರೆ ಬೆರಗಾಗುವುದು ಸಹಜ.

ಆದರೆ ‘ಸಾರ್ವತ್ರಿಕ ಚುನಾವಣೆ’ ಎಂದು ಸ್ಪಷ್ಟವಾಗಿ ಓದಿದ ಮಗುವನ್ನು ‘ಹಾಗೆಂದರೇನು, ಪುಟ್ಟಾ?’ ಎಂದು ಕೇಳಿದರೆ ಅದು ಕಣ್ಣರಳಿಸಿ ಸುಮ್ಮನಾಗಬಹುದು. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಇದನ್ನು ಲೆಕ್ಕದ ರೂಪದಲ್ಲಿ ಹೇಳಿದರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ಗ್ರಹಿಸುವ ಶಕ್ತಿಯಿಂದ ಗುಣಿಸಿದರೆ ಬರುವುದು ಓದು. ಎರಡರಲ್ಲಿ ಒಂದು ಸೊನ್ನೆಯಾದರೂ ಗುಣಲಬ್ಧ ಸೊನ್ನೆಯೇ.

ಪರೀಕ್ಷೆಯ ಕ್ರಮ

ಮೊದಲು ಬಾಯಿಪಾಠದ ಶಂಕೆಯನ್ನು ನಿವಾರಿಸಿಕೊಳ್ಳಬೇಕು. ಹತ್ತಾರು ಸಲ ಕೇಳಿದ ಕಥೆಯನ್ನು ಪುಟ ತಿರುವುತ್ತ ಒಪ್ಪಿಸುವ ಮಕ್ಕಳುಂಟು. ಚಿತ್ರವನ್ನು ಕೈಯಿಂದ ಮುಚ್ಚಿ, ಸಾಲಿನ ನಡುವಿನ ಒಂದು ಪದವನ್ನು ತೋರಿಸಿ ಕೇಳಿದರೆ ನಿಜ ತಿಳಿಯುತ್ತದೆ. ‘ಲೊಪ್ಪಟೆ’, ‘ಗಿಮ್ಮುರು’ ಎಂಬಂಥ ಅರ್ಥವಿಲ್ಲದ ಪದಗಳನ್ನು ಬರೆದು ಓದಿಸಬಹುದು. ಮಕ್ಕಳಿಗೆ ಅದೊಂದು ತಮಾಷೆಯ ಆಟ.

ಬಳಿಕ ಸುಲಭದಿಂದ ಕಠಿಣಕ್ಕೆ ಪುಸ್ತಕಗಳನ್ನು ಜೋಡಿಸಿಕೊಳ್ಳಬೇಕು. ಒಂದರಿಂದ ಐದನೆಯ ತರಗತಿಯವರೆಗಿನ ಕನ್ನಡ ಪಠ್ಯಪುಸ್ತಕಗಳೇ ಸಾಕು. ಪ್ರಥಮ್ ಬುಕ್ಸ್ ಸಂಸ್ಥೆಯ ಕಥೆಪುಸ್ತಕಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿರುವುದರಿಂದ ಅವೂ ಅನುಕೂಲ. ಮಗು ಹಿಂದೆ ನೋಡದ ಪುಟವನ್ನೇ ಆರಿಸಿ, ಸುಮಾರು ನೂರು ಪದಗಳನ್ನು ಓದಿಸಿ, ತಪ್ಪುಗಳನ್ನು ಮನಸ್ಸಿನಲ್ಲಿಯೇ ಎಣಿಸಿಕೊಳ್ಳಬೇಕು. ನಡುವೆ ತಿದ್ದಕೂಡದು.

ಅಮೆರಿಕದ ಎಮ್ಮೆಟ್ ಬೆಟ್ಸ್ 1946ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ನೂರು ಪದಗಳಲ್ಲಿ 99 ಸರಿಯಾಗಿದ್ದು, ಕೇಳಿದ ಪ್ರಶ್ನೆಗಳಲ್ಲಿ ನೂರಕ್ಕೆ 90ರಷ್ಟಕ್ಕೆ ಉತ್ತರ ಬಂದರೆ ಆ ಪುಸ್ತಕ ಮಗು ತಾನಾಗಿ ಓದತಕ್ಕದ್ದು. 95 ಪದ ಸರಿಯಾಗಿ, ಮುಕ್ಕಾಲು ಪಾಲು ಅರ್ಥವಾದರೆ ಹಿರಿಯರ ನೆರವಿನಿಂದ ಓದತಕ್ಕದ್ದು. 90ಕ್ಕಿಂತ ಕಡಿಮೆ ಪದಗಳು ಸರಿಯಾದರೆ, ಇಲ್ಲವೆ ಅರ್ಧ ಪಾಲೂ ಅರ್ಥವಾಗದಿದ್ದರೆ ಆ ಪುಸ್ತಕವನ್ನು ಸದ್ಯಕ್ಕೆ ಮೇಲಿಡಬೇಕು.

ಈ ಅಳತೆ ಹುಟ್ಟಿದ್ದು ಇಂಗ್ಲಿಷ್ ಓದಿಗೆ. ಅಲ್ಲಿ ಕಾಗುಣಿತ ಉಚ್ಚಾರಗಳಿಗೆ ಹೊಂದಿಕೆ ಕಡಿಮೆ, ಆದುದರಿಂದ ಪದಗಳ ತಪ್ಪು ಎಣಿಸಿದರೆ ಬಹಳಷ್ಟು ತಿಳಿಯುತ್ತದೆ. ಕನ್ನಡದಲ್ಲಿ ‘ಹೋಗಬೇಕಾಗಿದ್ದುದರಿಂದ’ ಎಂಬ ಒಂದೇ ಪದ ಇಂಗ್ಲಿಷಿನ ನಾಲ್ಕೈದು ಪದಗಳ ಭಾರ ಹೊರುತ್ತದೆ. ಅರ್ಥ ತಿಳಿಯದೆಯೂ ಅದನ್ನು ಸರಿಯಾಗಿ ಉಚ್ಚರಿಸಬಹುದು. ಆದುದರಿಂದ ಕನ್ನಡ ಓದನ್ನು ನೋಡುವಾಗ ಪ್ರಶ್ನೋತ್ತರಕ್ಕೇ ಹೆಚ್ಚು ಬೆಲೆ ಕೊಡಬೇಕು. ಎರಡು ಭಾಷೆ ಓದುವ ಮಗುವಾದರೆ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ಪುಸ್ತಕ ಮುಚ್ಚಿ, ‘ಕಥೆ ಹೇಳು ನೋಡೋಣ’ ಎನ್ನುವುದೇ ಒಳ್ಳೆಯ ಆರಂಭ. ಅನಂತರ ಯಾರು, ಏನು ಎಂಬುದರ ಜೊತೆಗೆ ‘ಅವಳು ಯಾಕೆ ಹಾಗೆ ಮಾಡಿದಳು?’, ‘ಮುಂದೇನಾದೀತು?’ ಎಂದು ಪುಟದಲ್ಲಿ ನೇರವಾಗಿ ಬರೆಯದ ಸಂಗತಿಗಳನ್ನೂ ಕೇಳಬೇಕು. ನಿಜವಾಗಿ ಮುಂದಿರುವ ಮಗು ಇಲ್ಲಿ ಗುರುತು ಸಿಗುತ್ತದೆ. ಉತ್ತರ ಬಾರದಿದ್ದರೆ ಅಷ್ಟೇ ಕಠಿಣವಾದ ಇನ್ನೊಂದು ಪುಟವನ್ನು ತಾಯಿಯೇ ಓದಿ ಹೇಳಿ, ಅದೇ ಬಗೆಯ ಪ್ರಶ್ನೆಗಳನ್ನು ಕೇಳಲಿ. ಕೇಳಿದಾಗ ಅರ್ಥವಾದರೆ ತೊಡಕು ಅಕ್ಷರ ಬಿಡಿಸುವುದರಲ್ಲಿದೆ. ಕೇಳಿದರೂ ಅರ್ಥವಾಗದಿದ್ದರೆ ವಿಷಯವೇ ಅದರ ಅನುಭವಕ್ಕೆ ಮೀರಿದ್ದು. ಮಗುವಿನ ಹಣೆ ಗಂಟಿಕ್ಕಿತೆಂದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು.

ಅಳತೆಯ ಮಿತಿ

ಆರನೆಯ ತರಗತಿಯ ಭಾಷೆ ತಿಳಿದ ಆರು ವರುಷದ ಮಗುವಿನ ಮನಸ್ಸು ಆರು ವರುಷದ್ದೇ. ಸಾವು, ಯುದ್ಧ, ಕ್ರೌರ್ಯಗಳ ಕಥೆಯನ್ನು ಓದಬಲ್ಲದೆಂಬ ಒಂದೇ ಕಾರಣಕ್ಕೆ ಅದರ ಕೈಗಿಡುವುದು ಸಲ್ಲ. ಅಂಥ ಮಗುವಿಗೆ ಹಕ್ಕಿ, ನಕ್ಷತ್ರ, ರೈಲು, ದೇಶವಿದೇಶಗಳ ವಿಷಯದ ಪುಸ್ತಕಗಳು ಹಿತ. ಭಾಷೆ ಎತ್ತರದ್ದಾದರೂ ವಸ್ತು ಮನಸ್ಸನ್ನು ಕಲಕದು.

ಇನ್ನೊಂದು ಎಚ್ಚರವೂ ಅವಶ್ಯ. ಬಹಳ ಬೇಗ ಓದಿಯೂ ಅರ್ಥ ಹಿಡಿಯದ, ಮಾತುಕತೆಯಲ್ಲಿ ಹಿಂದುಳಿದ ಮಕ್ಕಳಿದ್ದಾರೆ. ಈ ಸ್ಥಿತಿಯನ್ನು ಸಿಲ್ಬರ್‌ಬರ್ಗ್ ದಂಪತಿಗಳು 1967ರಲ್ಲಿ ‘ಹೈಪರ್‌ಲೆಕ್ಸಿಯಾ’ ಎಂದು ಕರೆದರು. ಅಂಥ ಲಕ್ಷಣ ಕಂಡಲ್ಲಿ ಮಕ್ಕಳ ತಜ್ಞರನ್ನು ಕಾಣುವುದು ಮೇಲು. ಬುದ್ಧಿಶಕ್ತಿಯ ಅಳತೆಯೂ ತರಬೇತಾದವರ ಕೆಲಸವೇ. ಪ್ಯಾರಿಸಿನ ಬಿನೆಯವರ ಪರೀಕ್ಷೆಗಳನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು ಇಂಥ ಉಪಯೋಗಕ್ಕಾಗಿ. ಮನೆಯ ಅಳತೆ ಮುಂದಿನ ಪುಸ್ತಕ ಯಾವುದೆಂಬುದನ್ನಷ್ಟೇ ಹೇಳಬಲ್ಲದು.

ಮಗು ತಾನೇ ಓದುತ್ತದೆಂದು ರಾತ್ರಿ ಕಥೆ ಓದಿ ಹೇಳುವುದನ್ನು ನಿಲ್ಲಿಸಬಾರದು. ಎಳೆಯರಲ್ಲಿ ಕಿವಿಯ ತಿಳಿವಳಿಕೆ ಕಣ್ಣಿನದಕ್ಕಿಂತ ಮುಂದಿರುತ್ತದೆ. ಹೊಸ ಪದಗಳು ಬರುವುದು ಆ ದಾರಿಯಿಂದಲೇ. ಮೂರು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷೆಯನ್ನು ಮತ್ತೆ ಮಾಡಿ, ದಿನಾಂಕ ಹಾಕಿ ಒಂದು ನೋಟುಪುಸ್ತಕದಲ್ಲಿ ಬರೆದಿಡಬಹುದು. ಶಾಲೆಯ ಉಪಾಧ್ಯಾಯಿನಿಯನ್ನು ಕಾಣಲು ಹೋದಾಗ ‘ನಮ್ಮ ಮಗು ಬಲು ಜಾಣ’ ಎಂಬ ಮಾತಿಗಿಂತ, ‘ಈ ಪುಸ್ತಕ ಓದಿ ತಾನೇ ಕಥೆ ಹೇಳುತ್ತಾನೆ, ಇದಕ್ಕೆ ನಮ್ಮ ನೆರವು ಬೇಕು, ಇದು ಓದಿದರೂ ಅರ್ಥವಾಗದು’ ಎಂಬ ಆ ಟಿಪ್ಪಣಿ ಅವರಿಗೆ ಹೆಚ್ಚು ಉಪಕಾರಿಯಾದೀತು.